ದೋಣಿ ಎಂಜಿನ್‌ನ ನೀರಿನ ಪಂಪು: ರಬ್ಬರ್ ಇಂಪೆಲ್ಲರ್ ಬದಲಿಸುವ ಬಗೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನಿವಾಸಿಗಳಿಗೆ ‘ಇಂಪೆಲ್ಲರ್’ ಎಂಬ ಪದ ಹೊಸದೇನಲ್ಲ. ಸಂಪಿನ ನೀರು ಮಹಡಿಯ ಮೇಲಿನ ಟ್ಯಾಂಕಿಗೆ ಏರದಿದ್ದಾಗ ಮೋಟಾರ್ ರಿಪೇರಿಯವರ ಬಾಯಿಂದ ಅದನ್ನು ಕೇಳಿಯೇ ಇರುತ್ತಾರೆ. ಮನೆಯ ಪಂಪಿನಲ್ಲಿ ಅದು ಕೆಟ್ಟರೆ ಒಂದೆರಡು ದಿನ ಬಕೆಟ್‌ನಲ್ಲಿ ನೀರು ಹೊರಬೇಕಾದೀತು, ಅಷ್ಟೆ. ದೋಣಿಯ ಎಂಜಿನ್‌ನಲ್ಲಿ ಕೆಟ್ಟರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಅತಿಯಾಗಿ ಕಾದು ನಡುನೀರಿನಲ್ಲಿ ನಿಂತುಬಿಡಬಹುದು.

ಸಮುದ್ರವಿಲ್ಲದ ಬೆಂಗಳೂರಿಗೆ ದೋಣಿಯ ಎಂಜಿನ್‌ನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. 2021ರ ನವೆಂಬರ್‌ನಲ್ಲಿಯೂ 2024ರ ಅಕ್ಟೋಬರ್‌ನಲ್ಲಿಯೂ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರುಗಳು ಓಡಾಡಿದ್ದನ್ನು ದೇಶವೇ ನೋಡಿತು. ಪಶ್ಚಿಮ ಭಾಗವೂ ಇದಕ್ಕೆ ಹೊರತಲ್ಲ. ಕೆಂಗೇರಿಯ ಬದಿಯಲ್ಲಿ ಹರಿಯುವ ವೃಷಭಾವತಿ ದೊಡ್ಡ ಮಳೆಗೆ ಉಕ್ಕುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೆಂಗೇರಿ ಕೆರೆಯಲ್ಲಿ ಅಣ್ಣ-ತಂಗಿ ಮುಳುಗಿದಾಗ ರಕ್ಷಣಾ ಸಿಬ್ಬಂದಿ ಮಾರನೆಯ ದಿನದವರೆಗೂ ಶೋಧ ನಡೆಸಬೇಕಾಯಿತು.

ಇಂತಹ ಕಾರ್ಯಾಚರಣೆಗಳಿಗೆ ಒಯ್ಯುವ ಗಾಳಿ ತುಂಬಿದ ರಬ್ಬರ್ ದೋಣಿಗಳಿಗೆ ಹಿಂಬದಿಯಲ್ಲಿ ತೂಗುಹಾಕುವ ಔಟ್‌ಬೋರ್ಡ್ ಮೋಟಾರನ್ನು ಅಳವಡಿಸಲಾಗುತ್ತದೆ. ಮಂಡಿಯಾಳದ ನೀರು ನಿಂತ ಬೀದಿಯಲ್ಲಿ ಅದು ಕೆಲಸಕ್ಕೆ ಬಾರದು. ಅಲ್ಲಿ ಹುಟ್ಟು ಹಾಕುವುದು ಅಥವಾ ದೋಣಿಯನ್ನು ತಳ್ಳಿಕೊಂಡು ನಡೆಯುವುದೇ ಗತಿ. ಆಳವಾದ ಕೆರೆ, ಸೆಳವಿನ ನದಿಗಳಲ್ಲಿ ಮಾತ್ರ ಮೋಟಾರೇ ಆಧಾರ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಊರುಗಳು ಮುಳುಗಿದಾಗ ಇದು ಮನದಟ್ಟಾಗಿತ್ತು.

ಏನಿದು ರಬ್ಬರ್ ಚಕ್ರ?

ಕಾರಿನಲ್ಲಿರುವಂತೆ ಔಟ್‌ಬೋರ್ಡ್ ಮೋಟಾರಿಗೆ ರೇಡಿಯೇಟರ್ ಇಲ್ಲ. ದೋಣಿ ತೇಲುತ್ತಿರುವ ನೀರನ್ನೇ ಹೀರಿ, ಎಂಜಿನ್‌ನ ಸುತ್ತ ಹರಿಸಿ, ಮತ್ತೆ ಹೊರಕ್ಕೆ ಬಿಡಲಾಗುತ್ತದೆ. ನಮ್ಮ ಜಲಮಂಡಳಿಯ ಪರಿಭಾಷೆಯಲ್ಲಿ ‘ಕಚ್ಚಾ ನೀರು’ ಎಂದರೆ ಶುದ್ಧೀಕರಣಕ್ಕೆ ಮುನ್ನಿನ ನದಿನೀರು. ದೋಣಿಯವರ ಕಚ್ಚಾ ನೀರು ಎಂದರೆ ಸುತ್ತಲಿನ ಕೆರೆಯದೋ ಕಡಲಿನದೋ ನೀರು. ಅದನ್ನು ಮೇಲೆತ್ತುವ ಪಂಪಿನ ಹೃದಯವೇ ಈ ಇಂಪೆಲ್ಲರ್.

ಮನೆಯ ಪಂಪಿನ ಇಂಪೆಲ್ಲರ್ ಗಡುಸಾದದ್ದು. ಅದು ವೇಗವಾಗಿ ತಿರುಗಿ ನೀರನ್ನು ಹೊರಕ್ಕೆ ಎಸೆಯುತ್ತದೆಯಾದರೂ ಒಳಗೆ ಗಾಳಿ ಸೇರಿದರೆ ಕೈಚೆಲ್ಲುತ್ತದೆ. ‘ಪಂಪು ಏರ್ ಹಿಡಿದಿದೆ’ ಎಂದು ಮೇಲಿನಿಂದ ನೀರು ಸುರಿಯುವುದು ಇದೇ ಕಾರಣಕ್ಕೆ. ದೋಣಿಯ ಇಂಪೆಲ್ಲರ್ ಬಾಗುವ ರಬ್ಬರಿನದು. ಅದನ್ನು ಪಂಪಿನ ಬಟ್ಟಲಿನಲ್ಲಿ ನಟ್ಟನಡುವೆ ಕೂರಿಸದೆ ಒಂದು ಬದಿಗೆ ಸರಿಸಿ ಕೂರಿಸಿರುತ್ತಾರೆ. ಆದ್ದರಿಂದ ತಿರುಗುವಾಗ ಅದರ ದಳಗಳು ಒಂದು ಕಡೆ ಬಾಗಿ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡಾಗ ಎರಡು ದಳಗಳ ನಡುವಿನ ಜಾಗ ಹಿಗ್ಗಿ ನೀರನ್ನು ಸೆಳೆಯುತ್ತದೆ, ಬಾಗಿದಾಗ ಕುಗ್ಗಿ ಮುಂದಕ್ಕೆ ತಳ್ಳುತ್ತದೆ. ಗಾಳಿಯಿದ್ದರೂ ಇದು ತಾನಾಗಿಯೇ ನೀರನ್ನು ಎಳೆದುಕೊಳ್ಳಬಲ್ಲದು.

ಈ ಗುಣದಲ್ಲಿಯೇ ಅದರ ದೌರ್ಬಲ್ಯವೂ ಅಡಗಿದೆ. ನೀರೇ ಅದಕ್ಕೆ ತಂಪೂ ಹೌದು, ಜಾರುವಿಕೆಯೂ ಹೌದು. ನೀರಿಲ್ಲದೆ ಅಲ್ಪ ಹೊತ್ತು ಓಡಿಸಿದರೂ ದಳಗಳ ಅಂಚು ಸುಟ್ಟು ಹೋಗುತ್ತದೆ. ‘ಮೋಟಾರ್ ಸ್ಟಾರ್ಟ್ ಆಗುತ್ತದೆಯೋ ನೋಡೋಣ’ ಎಂದು ನೆಲದ ಮೇಲೆಯೇ ಓಡಿಸಿ ನೋಡುವ ಅಭ್ಯಾಸದಿಂದ ಹಾಳಾಗುವ ಇಂಪೆಲ್ಲರ್‌ಗಳು ಕಡಿಮೆಯೇನಲ್ಲ. ಹೂಳು, ಮರಳು ದಳಗಳನ್ನೂ ಬಟ್ಟಲನ್ನೂ ಸವೆಸುತ್ತವೆ. ಪ್ಲಾಸ್ಟಿಕ್ ಚೀಲವೊಂದು ನೀರು ಹೀರುವ ಜಾಲರಿಗೆ ಅಂಟಿಕೊಂಡರೆ ಪಂಪಿಗೆ ನೀರೇ ಸಿಗದು. ನಮ್ಮ ರಾಜಕಾಲುವೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಮೋಸದ ಶತ್ರು ಎಂದರೆ ಸುಮ್ಮನೆ ನಿಲ್ಲಿಸಿಡುವುದು. ತಿಂಗಳುಗಟ್ಟಲೆ ತಿರುಗದಿದ್ದರೆ ಬಾಗಿದ ದಳಗಳು ಬಾಗಿದಂತೆಯೇ ಗಟ್ಟಿಯಾಗುತ್ತವೆ, ರಬ್ಬರ್ ಒಣಗಿ ಬುಡದಲ್ಲಿ ಬಿರುಕು ಬಿಡುತ್ತದೆ. ದಿನವೂ ಕಡಲಿಗಿಳಿಯುವ ಮೀನುಗಾರನ ಎಂಜಿನ್‌ಗಿಂತ, ವರ್ಷದಲ್ಲಿ ಕೆಲವೇ ಗಂಟೆ ಓಡಿ ಉಳಿದ ಕಾಲ ಉಗ್ರಾಣದಲ್ಲಿರುವ ರಕ್ಷಣಾ ದೋಣಿಯ ಎಂಜಿನ್‌ಗೆ ಈ ಅಪಾಯ ಹೆಚ್ಚು. ಇಷ್ಟು ಕಡಿಮೆ ಓಡಿದ ಎಂಜಿನ್‌ಗೆ ಏನಾದೀತು ಎಂಬ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗುತ್ತದೆ. ಆದ್ದರಿಂದ ಓಡಿದ ಗಂಟೆಗಳ ಜೊತೆಗೆ ಕ್ಯಾಲೆಂಡರನ್ನೂ ನೋಡಬೇಕು. ನೂರು ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದಕ್ಕೆ ಪರೀಕ್ಷಿಸುವುದು ರೂಢಿ. ತುರ್ತು ಸೇವೆಯ ಮೋಟಾರುಗಳಲ್ಲಿ ಪರೀಕ್ಷೆಗೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿಬಿಡುವುದು ಲೇಸು. ಬಿಚ್ಚುವ ಶ್ರಮದ ಮುಂದೆ ರಬ್ಬರಿನ ಬೆಲೆ ದೊಡ್ಡದಲ್ಲ.

ಬದಲಿಸುವ ಕ್ರಮ

ಮೊದಲು ಬ್ಯಾಟರಿಯ ಸಂಪರ್ಕ ಮತ್ತು ಸ್ಪಾರ್ಕ್ ಪ್ಲಗ್‌ಗಳ ವೈರ್‌ಗಳನ್ನು ತೆಗೆದಿಡಬೇಕು. ಪ್ರೊಪೆಲ್ಲರ್ ಕೈಯಿಂದ ತಿರುಗಿಸುವಾಗ ಎಂಜಿನ್ ಆಕಸ್ಮಿಕವಾಗಿ ಚಾಲೂ ಆಗಬಾರದು. ಪಂಪು ಇರುವುದು ಮೋಟಾರಿನ ಕೆಳತುದಿಯ ಗೇರ್‌ಬಾಕ್ಸಿನ ಮೇಲೆ. ಗೇರ್‌ಬಾಕ್ಸನ್ನು ಹಿಡಿದಿರುವ ಬೋಲ್ಟ್‌ಗಳನ್ನು ಬಿಚ್ಚಿ, ಗೇರ್ ಬದಲಿಸುವ ಸರಳಿನ ಕೊಂಡಿಯನ್ನು ಕಳಚಿ, ಇಡೀ ಭಾಗವನ್ನು ನೇರವಾಗಿ ಕೆಳಕ್ಕಿಳಿಸಬೇಕು. ಕೆಲವು ಮಾದರಿಗಳಲ್ಲಿ ಒಂದು ಬೋಲ್ಟ್ ಪ್ರೊಪೆಲ್ಲರ್ ಮೇಲಿನ ಸಣ್ಣ ಲೋಹದ ರೆಕ್ಕೆಯಡಿ ಅವಿತಿರುತ್ತದೆ. ಎಷ್ಟೆಳೆದರೂ ಬರುತ್ತಿಲ್ಲವೆಂದರೆ ಸುತ್ತಿಗೆ ಎತ್ತಿಕೊಳ್ಳುವ ಮುನ್ನ ಅದನ್ನು ಹುಡುಕಿ. ಗೇರ್ ಯಾವ ಸ್ಥಾನದಲ್ಲಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ, ಅದಕ್ಕೆ ತಯಾರಕರ ಕೈಪಿಡಿಯೇ ಪ್ರಮಾಣ.

ಈಗ ಉದ್ದನೆಯ ಶಾಫ್ಟಿನ ಬುಡದಲ್ಲಿ ಪಂಪಿನ ಕವಚ ಕಾಣುತ್ತದೆ. ಅದರ ಬೋಲ್ಟ್‌ಗಳನ್ನು ತೆಗೆದು ಕವಚವನ್ನು ಮೇಲಕ್ಕೆ ಜಾರಿಸಿದರೆ ಇಂಪೆಲ್ಲರ್ ಹೊರಬರುತ್ತದೆ. ಶಾಫ್ಟಿಗೂ ಅದಕ್ಕೂ ನಡುವೆ ಒಂದು ಪುಟ್ಟ ಲೋಹದ ಕೀ ಇರುತ್ತದೆ, ಜೋಕೆ. ಹುಲ್ಲಿನಲ್ಲಿ ಬಿದ್ದರೆ ಸಿಗದು. ಅದಿಲ್ಲದೆ ಹೊಸ ಇಂಪೆಲ್ಲರ್ ಹಾಕಿದರೆ ಶಾಫ್ಟ್ ಮಾತ್ರ ತಿರುಗುತ್ತದೆ, ನೀರು ಬರುವುದಿಲ್ಲ.

ಹಳೆಯದನ್ನು ಎಸೆಯುವ ಮುನ್ನ ದಳಗಳನ್ನು ಎಣಿಸಬೇಕು. ಒಂದು ದಳ ಮುರಿದಿದ್ದರೆ ಆ ತುಂಡು ಎಲ್ಲಿಗೂ ಹೋಗಿರುವುದಿಲ್ಲ. ಮೇಲಿನ ನೀರಿನ ಕೊಳವೆಯಲ್ಲೋ, ಎಂಜಿನ್‌ನ ನೀರಿನ ದಾರಿಯಲ್ಲೋ, ಥರ್ಮೋಸ್ಟಾಟ್ ಬಳಿಯೋ ಸಿಕ್ಕಿಕೊಂಡಿರುತ್ತದೆ. ಅದನ್ನು ಹುಡುಕದೆ ಹೊಸದನ್ನು ಜೋಡಿಸಿದರೆ ಕೆಲಸ ಅರ್ಧವೇ ಆದಂತೆ. ಹೊಸ ಪಂಪಿದ್ದರೂ ಎಂಜಿನ್ ಕಾಯುತ್ತಲೇ ಇದೆ ಎಂಬ ದೂರಿನ ಹಿಂದೆ ಇಂತಹ ರಬ್ಬರ್ ಚೂರು ಇರುವುದುಂಟು. ಬಟ್ಟಲಿನ ಒಳಮೈ ಮತ್ತು ಅಡಿಯ ಲೋಹದ ತಟ್ಟೆಯ ಮೇಲೆ ಉಗುರಿಗೆ ಸಿಗುವಷ್ಟು ಗೀರುಗಳಿದ್ದರೆ ಅವನ್ನೂ ಬದಲಿಸಬೇಕು. ಹಳೆಯ ಗ್ಯಾಸ್ಕೆಟ್‌ಗಳನ್ನು ಮತ್ತೆ ಬಳಸುವುದು ಬೇಡ.

ಹೊಸ ಇಂಪೆಲ್ಲರ್‌ಗೆ ಗ್ಲಿಸರಿನ್ ಅಥವಾ ಸಾಬೂನು ನೀರು ಸವರಿ, ಕವಚವನ್ನು ಅದರ ಮೇಲೆ ಮೆಲ್ಲಗೆ ಒತ್ತುತ್ತಾ ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸಬೇಕು. ದಳಗಳು ಹಿಂದಕ್ಕೆ ಬಾಗಿ ತಾವಾಗಿಯೇ ಒಳಸೇರುತ್ತವೆ. ವಿರುದ್ಧ ದಿಕ್ಕಿಗೆ ತಿರುಗಿಸಕೂಡದು. ಕೈಗೆ ಸಿಕ್ಕ ಎಂಜಿನ್ ಆಯಿಲ್ ಸವರುವುದು ತಪ್ಪು, ಏಕೆಂದರೆ ಸಾಮಾನ್ಯವಾಗಿ ಬಳಸುವ ನಿಯೋಪ್ರೀನ್ ರಬ್ಬರ್ ಎಣ್ಣೆಗೆ ಉಬ್ಬುತ್ತದೆ. ಎಣ್ಣೆ ಬೆರೆತ ನೀರಿಗೆ ನೈಟ್ರೈಲ್ ರಬ್ಬರಿನ ಇಂಪೆಲ್ಲರ್‌ಗಳಿವೆ. ಗೇರ್‌ಬಾಕ್ಸನ್ನು ಮೇಲೇರಿಸುವಾಗ ನೀರಿನ ಕೊಳವೆ ಪಂಪಿನ ಬಾಯಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಬಹುದು, ನೆತ್ತಿಗೆ ಬೇಡ. ಅಲ್ಲಿ ಸಿಕ್ಕಿಕೊಂಡ ಗ್ರೀಸ್ ಶಾಫ್ಟನ್ನು ಪೂರ್ತಿ ಕೂರಲು ಬಿಡುವುದಿಲ್ಲ.

ಪರೀಕ್ಷೆಗೆ ನೀರು ತುಂಬಿದ ಡ್ರಮ್ಮಿನಲ್ಲಿ ಕೆಳತುದಿಯನ್ನು ಮುಳುಗಿಸಿ ಓಡಿಸಬೇಕು. ಎಂಜಿನ್‌ನ ಹಿಂಬದಿಯಿಂದ ಸಣ್ಣ ನೀರಿನ ಧಾರೆ ಬಿಡದೆ ಚಿಮ್ಮಿದರೆ ಪಂಪು ದುಡಿಯುತ್ತಿದೆ ಎಂದರ್ಥ. ಧಾರೆ ಸಣ್ಣದಾಗಿದ್ದರೆ ಎಂಜಿನ್ ನಿಲ್ಲಿಸಿ ಆ ರಂಧ್ರಕ್ಕೆ ತಂತಿಯಾಡಿಸಿ ನೋಡಿ. ಎಷ್ಟೋ ಸಲ ತೊಂದರೆ ಪಂಪಿನಲ್ಲಿರದೆ ಅಲ್ಲಿ ಕಟ್ಟಿದ ಕೆಸರಿನಲ್ಲಿರುತ್ತದೆ.

ಪೀಣ್ಯದಲ್ಲಿ ಸಣ್ಣ ರಬ್ಬರ್ ಭಾಗಗಳಿಗೆ ಅಚ್ಚು ಹಾಕಿಕೊಡುವ ಕಾರ್ಯಾಗಾರಗಳಿರುವಾಗ ನಕಲು ಮಾಡಿಸಿದರೆ ಸಾಲದೇ ಎನ್ನುವವರಿದ್ದಾರೆ. ಆಕಾರದ ನಕಲು ಸುಲಭ. ಲಕ್ಷಾಂತರ ಬಾರಿ ಬಾಗಿಯೂ ಬಿರಿಯದ ರಬ್ಬರಿನ ಮಿಶ್ರಣವನ್ನು ಅಚ್ಚಿನಿಂದ ಕದಿಯಲಾಗದು. ಜೀವ ಉಳಿಸಲು ಹೊರಟ ದೋಣಿಗೆ ಅಸಲಿ ಭಾಗವೇ ಇರಲಿ.

ಕರಾವಳಿಯ ರೂಢಿ

ಎಂಜಿನ್ ಒಡಲೊಳಗಿರುವ ದೊಡ್ಡ ದೋಣಿಗಳಲ್ಲಿ ಕೆಲಸ ಇನ್ನೂ ಸರಳ. ಪಂಪು ಎಂಜಿನ್‌ನ ಪಕ್ಕದಲ್ಲಿಯೇ ಇರುತ್ತದೆ, ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದರೆ ಇಂಪೆಲ್ಲರ್ ಎದುರಿಗೇ ಕಾಣುತ್ತದೆ. ಆದರೆ ಮುಚ್ಚಳಕ್ಕೆ ಕೈಹಾಕುವ ಮೊದಲು ದೋಣಿಯ ತಳದ ನೀರಿನ ವಾಲ್ವನ್ನು ಮುಚ್ಚಲೇಬೇಕು. ಮರೆತರೆ ಸಮುದ್ರವೇ ಒಳಬರುತ್ತದೆ. ಕೆಲಸ ಮುಗಿದ ಮೇಲೆ ವಾಲ್ವ್ ತೆರೆಯಲು ಮರೆತರೆ ಹೊಸ ರಬ್ಬರ್ ಒಣಗಿ ಸುಡುತ್ತದೆ. ಅನುಭವಿಗಳು ವಾಲ್ವ್ ಮುಚ್ಚಿದೊಡನೆ ಎಂಜಿನ್‌ನ ಕೀಲಿಕೈಯನ್ನು ಅದರ ಹಿಡಿಗೆ ತೂಗುಹಾಕುವುದು ಇದಕ್ಕಾಗಿಯೇ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರುಗಳಲ್ಲಿ ದೋಣಿಗಳ ದುರಸ್ತಿಗೆ ಅದೇ ಸುಗ್ಗಿ. ಕಡಲ ಮಕ್ಕಳಿಗೆ ಹೀಗೊಂದು ಬಿಡುವನ್ನು ಕಾನೂನೇ ಕೊಟ್ಟಿದೆ. ಒಳನಾಡಿನ ರಕ್ಷಣಾ ದೋಣಿಗೆ ಅದಿಲ್ಲ, ಮಳೆಗಾಲವೇ ಅದರ ದುಡಿಮೆಯ ಕಾಲ. ಆದ್ದರಿಂದ ಮುಂಗಾರಿಗೆ ಮೊದಲು, ಏಪ್ರಿಲ್‌ನಲ್ಲಿಯೇ ಈ ಕೆಲಸ ಮುಗಿಸಿ, ಬದಲಿಸಿದ ದಿನಾಂಕವನ್ನು ಮೋಟಾರಿನ ಮುಚ್ಚಳದ ಒಳಗೆ ಬರೆದಿಡಬೇಕು. ಒಂದು ಬಿಡಿ ಇಂಪೆಲ್ಲರ್, ಕೀ, ಗ್ಯಾಸ್ಕೆಟ್ ಹಾಗೂ ಬೇಕಾದ ಸ್ಪ್ಯಾನರ್‌ಗಳು ಒಂದೇ ಚೀಲದಲ್ಲಿ ದೋಣಿಯ ಜೊತೆಗಿರಲಿ. ತೆಗೆದ ಹಳೆಯ ಇಂಪೆಲ್ಲರ್ ಇನ್ನೂ ಚೆನ್ನಾಗಿದೆ ಎಂದು ಅದನ್ನೂ ಚೀಲಕ್ಕೆ ಸೇರಿಸುವುದಾದರೆ, ಅದರ ಮೇಲೆ ‘ಹಳೆಯದು’ ಎಂದು ಚೀಟಿ ಅಂಟಿಸಿ.