ಟ್ಯೂಬುಲಿನ್ನಿನ ತುದಿಯಲ್ಲೊಂದು ಗುರುತು

ಜೀವಕೋಶದ ಚಿತ್ರ ಬರೆಯುವಾಗ ಕೋಶಕೇಂದ್ರ, ಮೈಟೊಕಾಂಡ್ರಿಯಾಗಳನ್ನು ಗುರುತಿಸಿ, ಉಳಿದ ಜಾಗವನ್ನು ಚುಕ್ಕೆಗಳಿಂದ ತುಂಬುವ ರೂಢಿ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಜಾಗ ಬರಿದಾದುದಲ್ಲ. ಅಲ್ಲಿ ಸುಮಾರು 25 ನ್ಯಾನೋಮೀಟರ್ ವ್ಯಾಸದ ಟೊಳ್ಳು ಎಳೆಗಳು ಹರಡಿಕೊಂಡಿವೆ. ಇವೇ ಸೂಕ್ಷ್ಮನಾಳಗಳು. ಕೋಶದೊಳಗಿನ ಸಾಗಣೆಗೆ ಇವು ಹಳಿಗಳು. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಬೇರ್ಪಡಿಸುವ ಹಗ್ಗಗಳೂ ಇವೇ.

ಈ ನಾಳಗಳ ಇಟ್ಟಿಗೆ ಟ್ಯೂಬುಲಿನ್ ಎಂಬ ಪ್ರೋಟೀನು. ಗೌಟ್ ರೋಗದ ಹಳೆಯ ಔಷಧವಾದ ಕಾಲ್ಚಿಸಿನ್ ಅಂಟಿಕೊಳ್ಳುವ ಪ್ರೋಟೀನನ್ನು 1967ರಲ್ಲಿ ಗ್ಯಾರಿ ಬೋರಿಸಿ ಮತ್ತು ಎಡ್ವಿನ್ ಟೇಲರ್ ಗುರುತಿಸಿದರು. ಮರುವರ್ಷ ಜಪಾನಿನ ಹಿದೆಯೊ ಮೋಹ್ರಿ ಅದಕ್ಕೆ ಈಗಿನ ಹೆಸರನ್ನಿಟ್ಟರು. ಬೆಳೆಯುತ್ತಿದ್ದ ನಾಳವೊಂದು ಹಠಾತ್ತನೆ ಕುಸಿದು ಮತ್ತೆ ಬೆಳೆಯಬಲ್ಲದೆಂಬುದನ್ನು 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಷ್ನರ್ ತೋರಿಸಿದರು. ಕೆಲವು ನಾಳಗಳು ನಿಮಿಷಗಳಲ್ಲಿ ಅಳಿಯುತ್ತವೆ. ಕೆಲವು ಗಂಟೆಗಟ್ಟಲೆ ಉಳಿಯುತ್ತವೆ. ಇಟ್ಟಿಗೆ ಒಂದೇ ಆಗಿರುವಾಗ ಈ ಭೇದವೇಕೆ? ಇದಕ್ಕೆ ಉತ್ತರದ ಮೊದಲ ಸುಳಿವು ಅದಾಗಲೇ ಅರ್ಜೆಂಟೀನಾದ ಕಾರ್ಡೊಬಾ ನಗರದಲ್ಲಿ ದೊರೆತಿತ್ತು.

ಅಲ್ಲಿ ಹೆಕ್ಟರ್ ಬಾರಾ, ಕಾರ್ಲೋಸ್ ಆರ್ಸೆ, ರಾನ್ವೆಲ್ ಕಪುಟೊ ಮತ್ತು ಸಂಗಡಿಗರು ಇಲಿಯ ಮೆದುಳಿನ ಸಾರಕ್ಕೆ ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ವಿಕಿರಣಶೀಲ ಇಂಗಾಲದ ಗುರುತಿನೊಡನೆ ಬೆರೆಸಿದರು. ಅದು ಒಂದು ಪ್ರೋಟೀನನ್ನು ಸೇರಿಕೊಂಡಿತು. ಪ್ರೋಟೀನು ಹೊಸದಾಗಿ ತಯಾರಾಗಬೇಕಾದರೆ ಆರ್‌ಎನ್‌ಎ ಅಗತ್ಯ. ಆದರೆ ಆರ್‌ಎನ್‌ಎಯನ್ನು ನಾಶಪಡಿಸುವ ಕಿಣ್ವವಿದ್ದಾಗಲೂ ಟೈರೋಸಿನ್ ಸೇರುವುದು ನಿಲ್ಲಲಿಲ್ಲ. ಅಂದರೆ, ಮೊದಲೇ ಸಿದ್ಧವಾಗಿದ್ದ ಪ್ರೋಟೀನಿಗೆ ಅದು ಆಮೇಲೆ ಅಂಟಿಕೊಳ್ಳುತ್ತಿತ್ತು. 1973ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆ ಪ್ರೋಟೀನು ಟ್ಯೂಬುಲಿನ್ ಎಂಬುದು ಮುಂದಿನ ಕೆಲಸದಿಂದ ತಿಳಿಯಿತು.

ವ್ಯವಸ್ಥೆ ಸರಳವಾದುದು. ಆಲ್ಫಾ ಟ್ಯೂಬುಲಿನ್ ಸಾಮಾನ್ಯವಾಗಿ ಹುಟ್ಟುವಾಗಲೇ ತನ್ನ ತುದಿಯಲ್ಲಿ ಒಂದು ಟೈರೋಸಿನ್ ಹೊತ್ತಿರುತ್ತದೆ. ಅದು ನಾಳದ ಭಾಗವಾದ ಬಳಿಕ ಒಂದು ಕಿಣ್ವ ಆ ಟೈರೋಸಿನನ್ನು ಕತ್ತರಿಸುತ್ತದೆ. ನಾಳ ಕಳಚಿ ಇಟ್ಟಿಗೆಗಳು ಬಿಡಿಯಾದಾಗ ಇನ್ನೊಂದು ಕಿಣ್ವ ಅದನ್ನು ಮರಳಿ ಜೋಡಿಸುತ್ತದೆ. ಹೀಗಾಗಿ ಹೊಸ ನಾಳದಲ್ಲಿ ಟೈರೋಸಿನ್ ಇರುತ್ತದೆ. ಬಹುಕಾಲ ಉಳಿದ ನಾಳದಲ್ಲಿ ಕಡಿಮೆಯಾಗಿರುತ್ತದೆ.

ಟೈರೋಸಿನ್ ಹೋದ ಮಾತ್ರಕ್ಕೆ ನಾಳ ತಾನಾಗಿ ಗಟ್ಟಿಯಾಗುವುದಿಲ್ಲ. ಆ ಗುರುತನ್ನು ಇತರ ಪ್ರೋಟೀನುಗಳು ಓದಿಕೊಳ್ಳುತ್ತವೆ. ನಾಳವನ್ನು ಕಳಚುವ ಒಂದು ಬಗೆಯ ಕೈನೆಸಿನ್, ಟೈರೋಸಿನ್ ಇರುವ ನಾಳಗಳ ಮೇಲೆ ಹೆಚ್ಚು ಚುರುಕಾಗಿ ಎರಗುತ್ತದೆ, ಇಲ್ಲದವು ಬದುಕಿಕೊಳ್ಳುತ್ತವೆ. ಕೋಶ ವಿಭಜನೆಯಲ್ಲಿ ವರ್ಣತಂತುಗಳನ್ನು ಮಧ್ಯರೇಖೆಗೆ ಒಯ್ಯುವ ಇನ್ನೊಂದು ಕೈನೆಸಿನ್, ಟೈರೋಸಿನ್ ಇಲ್ಲದ ನಾಳಗಳ ಹಾದಿಯನ್ನೇ ಹಿಡಿಯುತ್ತದೆಂದು 2015ರಲ್ಲಿ ಕಂಡುಬಂದಿತು.

ಗುರುತುಗಳು ಇನ್ನೂ ಹಲವು. ನಾಳದ ಒಳಮೈಯಲ್ಲಿ ಅಂಟುವ ಅಸಿಟೈಲ್ ಗುಂಪು, ನಾಳ ಬಾಗಿದಾಗ ಮುರಿಯದಂತೆ ಕಾಯುತ್ತದೆಂದು 2017ರಲ್ಲಿ ತಿಳಿಯಿತು. ಹೊರಬಾಲಕ್ಕೆ ಗ್ಲುಟಮೇಟುಗಳ ಸರಪಳಿ ಜೋಡಣೆಯಾಗುವುದು 1990ರಲ್ಲಿ ಬೆಳಕಿಗೆ ಬಂದಿತ್ತು.

ಟೈರೋಸಿನನ್ನು ಜೋಡಿಸುವ ಕಿಣ್ವದ ಜೀನ್ 1993ರಲ್ಲಿ ಕೈಗೆ ಸಿಕ್ಕಿತು. ಕತ್ತರಿಸುವ ಕಿಣ್ವ ಮಾತ್ರ ದಶಕಗಳ ಕಾಲ ತಪ್ಪಿಸಿಕೊಂಡಿತು. 2017ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಮತ್ತು ನೆದರ್‌ಲ್ಯಾಂಡ್ಸಿನ ಆಮ್ಸ್‌ಟರ್‌ಡ್ಯಾಮಿನ ಎರಡು ತಂಡಗಳು ಬೇರೆ ಬೇರೆಯಾಗಿ ಅದನ್ನು ಪತ್ತೆಹಚ್ಚಿದವು. ಅದು ವಾಸೋಹಿಬಿನ್. ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಪ್ರೋಟೀನೆಂದು 2004ರಿಂದಲೇ ಪರಿಚಿತವಾಗಿತ್ತು! ಇಂಥ ಇನ್ನೊಂದು ಕಿಣ್ವ 2022ರಲ್ಲಿ ದೊರೆಯಿತು.

ಇಷ್ಟು ಸಣ್ಣ ಗುರುತಿಗೆ ಇಷ್ಟೊಂದು ಶ್ರಮವೇಕೆಂದು ನೀವು ಕೇಳಬಹುದು. ಟೈರೋಸಿನನ್ನು ಮರಳಿ ಜೋಡಿಸುವ ಕಿಣ್ವವಿಲ್ಲದ ಇಲಿಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತವೆಂದು 2005ರಲ್ಲಿ ವರದಿಯಾಯಿತು. ಗ್ಲುಟಮೇಟನ್ನು ಕಳಚುವ ಒಂದು ಕಿಣ್ವ ಕೆಟ್ಟರೆ ಎಳೆಯ ಮಕ್ಕಳ ನರಕೋಶಗಳು ನಶಿಸುತ್ತವೆಂದು 2018ರಲ್ಲಿ ತಿಳಿಯಿತು. ಅದೇ ವರ್ಷ, ಸೋತ ಹೃದಯಗಳಿಂದ ಪಡೆದ ಸ್ನಾಯುಕೋಶಗಳಲ್ಲಿ ಟೈರೋಸಿನ್ ಇಲ್ಲದ ನಾಳಗಳನ್ನು ಕಡಿಮೆ ಮಾಡಿದಾಗ ಅವುಗಳ ಸಂಕೋಚನ ಸುಧಾರಿಸಿದುದನ್ನು ಅಮೆರಿಕದ ವಿಜ್ಞಾನಿಗಳು ಕಂಡರು. ಇದಿನ್ನೂ ಚಿಕಿತ್ಸೆಯಾಗಿಲ್ಲ; ಆದರೆ ಹುಡುಕಬೇಕಾದ ದಿಕ್ಕು ತಿಳಿದಿದೆ.

ಟೈರೋಸಿನ್ ಹೊತ್ತ ನಾಳಗಳನ್ನು ಜೀವಂತ ಕೋಶದಲ್ಲಿಯೇ ನೋಡುವ ಸಾಧನವೊಂದನ್ನು ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ತಂಡ 2020ರಲ್ಲಿ ಪ್ರಕಟಿಸಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ನಿಮ್ಮಲ್ಲಿ ಕೆಲವರು ಇಂದು ಪ್ರಯೋಗಾಲಯಗಳಲ್ಲಿ ದುಡಿಯುತ್ತಿದ್ದೀರಿ. ನಿರೀಕ್ಷೆಗೆ ಹೊಂದದ ಒಂದು ಅಂಕಿ ಕಂಡಾಗ ಅದನ್ನು ದೋಷವೆಂದು ಬದಿಗಿಡುವುದು ಸುಲಭ. ಕಾರ್ಡೊಬಾದವರು ಹಾಗೆ ಮಾಡಲಿಲ್ಲ. ಅವರು ಅಂದು ಬರೆದಿಟ್ಟ ಪ್ರಶ್ನೆಗೆ ಉತ್ತರ ಸಿಗಲು ನಲವತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಪ್ರಶ್ನೆಯನ್ನು ಸರಿಯಾಗಿ ಬರೆದಿಟ್ಟಿದ್ದರಿಂದಲೇ ಉತ್ತರ ಹುಡುಕುವವರಿಗೆ ದಾರಿ ಉಳಿದಿತ್ತು.