ಸಮಾರಂಭದ ಟಿಕೆಟ್‌ಗೆ ಬಾರ್‌ಕೋಡ್: ಅಚ್ಚಿಗೆ ಕೊಡುವ ಮೊದಲು ತಿಳಿದಿರಬೇಕಾದ ವಿಷಯಗಳು



ರಾಜ್ಯೋತ್ಸವ, ನಾಟಕ, ಸಂಗೀತ ಸಂಜೆ ಯಾವುದೇ ಇರಲಿ, ಟಿಕೆಟ್ ಅಚ್ಚು ಹಾಕಿಸುವಾಗ ಈಗ ಸಂಘಗಳಲ್ಲಿ ಏಳುವ ಪ್ರಶ್ನೆ: ಬಾರ್‌ಕೋಡ್ ಹಾಕಿಸೋಣವೇ? ಧಾರಾಳವಾಗಿ ಹಾಕಿಸಬಹುದು. ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ಬಾರ್‌ಕೋಡ್ ಎಂದರೆ ಯಂತ್ರ ಓದುವ ಹಾಗೆ ಬರೆದ ಒಂದು ಸಂಖ್ಯೆ, ಅಷ್ಟೆ. ಟಿಕೆಟನ್ನು ಜೆರಾಕ್ಸ್ ಮಾಡಿದರೆ ಆ ಜೆರಾಕ್ಸನ್ನೂ ಯಂತ್ರ ಹಾಗೆಯೇ ಓದುತ್ತದೆ. ನಕಲನ್ನು ಹಿಡಿಯುವುದು ಬಾಗಿಲಲ್ಲಿರುವ ಪಟ್ಟಿ: ಒಂದು ಸಂಖ್ಯೆಗೆ ಒಂದೇ ಸಲ ಗುರುತು. ಆಫೀಸಿನ ಟಪಾಲು ರಿಜಿಸ್ಟರ್ ನೋಡಿದವರಿಗೆ ಇದು ಹೊಸದೇನಲ್ಲ. ಟಿಕೆಟಿನ ವಿನ್ಯಾಸವೆಲ್ಲ ಈ ಒಂದು ಕೆಲಸಕ್ಕೆ ಅನುಕೂಲವಾಗಿರಬೇಕು.

ಅಂಗಡಿಯ ಕೋಡ್, ಟಿಕೆಟಿನ ಕೋಡ್

ಅಂಗಡಿಯ ಸಾಮಾನಿನ ಬಾರ್‌ಕೋಡನ್ನು ಮೊದಲು ಸ್ಕ್ಯಾನ್ ಮಾಡಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಸಾಮಾನು ಒಂದು ಚ್ಯೂಯಿಂಗ್ ಗಮ್ ಪೊಟ್ಟಣ. ಚೌಕಾಕಾರದ ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ತಯಾರಿಸಿತು. ನಮ್ಮ ಮೆಟ್ರೊದಲ್ಲಿ ಕ್ಯೂಆರ್ ಟಿಕೆಟ್ ಬಂದದ್ದು 2022ರ ನವೆಂಬರ್ 1ರಂದು.

ಒಂದೇ ಬಗೆಯ ಸೋಪಿನ ಪೊಟ್ಟಣಗಳ ಮೇಲೆಲ್ಲ ಒಂದೇ ಕೋಡ್ ಇರುತ್ತದೆ. ಟಿಕೆಟ್‌ಗೆ ಹಾಗೆ ನಡೆಯುವುದಿಲ್ಲ. 500 ಟಿಕೆಟ್ ಎಂದರೆ 500 ಬೇರೆ ಬೇರೆ ಕೋಡ್. ಎಲ್ಲದರ ಮೇಲೂ ಒಂದೇ ಕೋಡ್ ಅಚ್ಚಾಗಿದ್ದರೆ ಅದು ಬರೀ ಅಲಂಕಾರ.

ಸಂಖ್ಯೆ ಹೇಗಿರಬೇಕು

1, 2, 3 ಎಂದು ಸಾಲಾಗಿ ಕೊಟ್ಟರೆ ಮುಂದಿನ ಸಂಖ್ಯೆಯನ್ನು ಯಾರು ಬೇಕಾದರೂ ಊಹಿಸಬಹುದು. ಆದ್ದರಿಂದ 8 ಅಂಕಿ ಇಟ್ಟುಕೊಳ್ಳಿ: ಮೊದಲ 4 ಕ್ರಮಸಂಖ್ಯೆ, ನಂತರದ 4 ಗೊತ್ತುಗುರಿಯಿಲ್ಲದ ಅಂಕಿಗಳು. ಉದಾಹರಣೆಗೆ 1127 5803. ಕ್ರಮಸಂಖ್ಯೆಯನ್ನು 1001ರಿಂದ ಶುರು ಮಾಡಿ. 0001 ಎಂದು ಬರೆದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ. ಕೊನೆಯ ನಾಲ್ಕು ಅಂಕಿಗೆ ಎಕ್ಸೆಲ್‌ನ ರ್ಯಾಂಡ್‌ಬಿಟ್ವೀನ್ ಸೂತ್ರ ಬಳಸಬಹುದು. ಆದರೆ ಆ ಸೂತ್ರ ಹಾಳೆ ತೆರೆದಾಗಲೆಲ್ಲ ಅಂಕಿ ಬದಲಿಸುತ್ತದೆ. ಸಂಖ್ಯೆ ಬಂದ ಕೂಡಲೇ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಎಂದು ಅಂಟಿಸಿ. ಇದನ್ನು ಮರೆತರೆ ಅಚ್ಚಾದ ಟಿಕೆಟಿಗೂ ನಿಮ್ಮ ಪಟ್ಟಿಗೂ ತಾಳೆಯಾಗುವುದಿಲ್ಲ.

ಕೋಡಿನೊಳಗೆ ಸದಸ್ಯರ ಹೆಸರು, ಫೋನ್ ನಂಬರ್ ಸೇರಿಸಬೇಡಿ. ಯಾರ ಮೊಬೈಲ್ ಬೇಕಾದರೂ ಅದನ್ನು ಓದಬಲ್ಲದು.

ಗೆರೆಯೋ, ಚೌಕವೋ

ಗೆರೆಯ ಕೋಡ್ ಬೇಕಾದರೆ ಕೋಡ್ 128 ಆರಿಸಿ. ಅದು ಅಂಕಿಗಳನ್ನು ಎರಡೆರಡಾಗಿ ಜೋಡಿಸುವುದರಿಂದ 8 ಅಂಕಿಗೆ ಸುಮಾರು 4 ಸೆಂ.ಮೀ. ಅಗಲ ಸಾಕು. ಲೇಸರ್ ಸ್ಕ್ಯಾನರ್ ಗೆರೆಯ ಕೋಡನ್ನು ಮಾತ್ರ ಓದುತ್ತದೆ; ಮೊಬೈಲ್ ಕ್ಯಾಮೆರಾದಿಂದ ಓದಿಸುವುದಾದರೆ ಕ್ಯೂಆರ್ ಹೆಚ್ಚು ಅನುಕೂಲ.

ಕ್ಯೂಆರ್‌ನಲ್ಲಿ ಕನ್ನಡ ಅಕ್ಷರ ತುಂಬಿಸಬೇಡಿ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ 3 ಬೈಟ್ ಬೇಕು. "ಕುರಿಚಿ" ಎಂಬ ಮೂರಕ್ಷರವೇ 18 ಬೈಟ್. ಅತಿ ಚಿಕ್ಕ ಕ್ಯೂಆರ್‌ನಲ್ಲಿ ಹಿಡಿಸುವುದು ಹೆಚ್ಚೆಂದರೆ 17. ನಮ್ಮ ಊರಿನ ಹೆಸರೊಂದಕ್ಕೇ ಅದರಲ್ಲಿ ಜಾಗವಿಲ್ಲ! ಬರೀ 8 ಅಂಕಿಯಾದರೆ ಅದೇ ಚಿಕ್ಕ ಚೌಕದಲ್ಲಿ, ಎಚ್ ಎಂಬ ಅತಿ ಹೆಚ್ಚಿನ ತಿದ್ದುಪಡಿ ಮಟ್ಟದಲ್ಲೇ ಹಿಡಿಸುತ್ತದೆ. ಆ ಮಟ್ಟದಲ್ಲಿ ಸುಮಾರು 30 ಶೇಕಡಾ ಹಾಳಾದರೂ ಕೋಡ್ ಓದಬರುತ್ತದೆ. ಮಡಚಿ ಜೇಬಿಗೆ ಹಾಕಿದ ಟಿಕೆಟ್‌ಗೆ ಇದೇ ಬೇಕು.

ಬಣ್ಣ, ಜಾಗ, ಕಾಗದ

ನಮ್ಮ ಟಿಕೆಟ್ ಎಂದ ಮೇಲೆ ಹಳದಿ ಕೆಂಪು ಇರಲೇಬೇಕು, ಸರಿ. ಆದರೆ ಕೋಡನ್ನು ಕೆಂಪಿನಲ್ಲಿ ಅಚ್ಚು ಹಾಕಿಸಬೇಡಿ. ಸಾಮಾನ್ಯ ಲೇಸರ್ ಸ್ಕ್ಯಾನರಿನ ಬೆಳಕು ಕೆಂಪು. ಅದಕ್ಕೆ ಕೆಂಪು ಗೆರೆಯೂ ಹಳದಿ ಹಿನ್ನೆಲೆಯೂ ಬಿಳಿಯಂತೆಯೇ ಕಾಣುತ್ತವೆ. ಹಳದಿಯ ಮೇಲೆ ಕಪ್ಪು ಅಡ್ಡಿಯಿಲ್ಲ. ಬಿಳಿಯ ಮೇಲೆ ಕಪ್ಪು ಎಲ್ಲಕ್ಕಿಂತ ಉತ್ತಮ.

ಚಿಕ್ಕ ಕ್ಯೂಆರ್‌ನಲ್ಲಿ ಒಂದು ಸಾಲಿಗೆ 21 ಮನೆ. ಸುತ್ತ 4 ಮನೆಯಷ್ಟು ಖಾಲಿ ಬಿಡಬೇಕು. ಒಂದು ಮನೆಗೆ 1 ಮಿ.ಮೀ. ಎಂದರೆ ಒಟ್ಟು 29 ಮಿ.ಮೀ. ಚೌಕ. ಹಾಲ್‌ನ ಮಂದ ಬೆಳಕಿಗೆ ಈ ಅಳತೆ ಒಳ್ಳೆಯದು. ಗೆರೆಯ ಕೋಡಿಗೆ ಎಡಬಲ 5 ಮಿ.ಮೀ. ಖಾಲಿ ಇರಲಿ. ಈ ಖಾಲಿ ಜಾಗದಲ್ಲಿ ಭುವನೇಶ್ವರಿಯ ಚಿತ್ರ, ಪ್ರಾಯೋಜಕರ ಲಾಂಛನ ಏನೂ ಬರಕೂಡದು. ಹರಿಯುವ ತೂತುಗೆರೆ ಕೋಡಿನ ಮೇಲೆ ಹಾಯಬಾರದು. ಮಿನುಗುವ ಲ್ಯಾಮಿನೇಷನ್ ಬೇಡ, ದೀಪದ ಬೆಳಕು ಅದರ ಮೇಲೆ ಹೊಳೆದು ಕೋಡ್ ಕಾಣಿಸುವುದಿಲ್ಲ.

ಕೋಡಿನ ಕೆಳಗೆ ಅದೇ 8 ಅಂಕಿಯನ್ನು ಕಣ್ಣಿಗೆ ಕಾಣುವಷ್ಟು ದಪ್ಪದಲ್ಲಿ ಮುದ್ರಿಸಿ. ಯಂತ್ರ ಕೈಕೊಟ್ಟರೆ ಮನುಷ್ಯ ಓದಬೇಕಲ್ಲ!

ಭಾಷೆ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆಯಲ್ಲಿ ಕಲಿತ ಓದು ತಮಿಳು. ಆದ್ದರಿಂದ ದಿನಾಂಕ, ಸಮಯ, ಸ್ಥಳ, ಬಾಗಿಲು ಇವು ನಾಲ್ಕೂ ಕನ್ನಡ ಮತ್ತು ತಮಿಳು ಎರಡೂ ಲಿಪಿಯಲ್ಲಿರಲಿ. ಉಳಿದದ್ದು ಕನ್ನಡದಲ್ಲೇ ಇರಲಿ.

ಪ್ರೆಸ್ಸಿಗೆ ಕೊಡುವಾಗ

ಕೊಯಮತ್ತೂರು, ತಿರುಪ್ಪೂರಿನ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿಕೊಡಿ. ಆಫ್‌ಸೆಟ್‌ನಲ್ಲಿ ಪ್ರತಿ ಹಾಳೆಗೂ ಕೋಡ್ ಬದಲಿಸಲಾಗದು. ಬಣ್ಣದ ಭಾಗವನ್ನು ಆಫ್‌ಸೆಟ್‌ನಲ್ಲಿ ಮುಗಿಸಿ ಕೋಡನ್ನು ಲೇಸರ್ ಪ್ರಿಂಟರಿನಲ್ಲಿ ಹಾಕಬಹುದು, ಅಥವಾ ಕೆಲವೇ ನೂರು ಟಿಕೆಟಾದರೆ ಎಲ್ಲವನ್ನೂ ಡಿಜಿಟಲ್‌ನಲ್ಲೇ ಮುಗಿಸಬಹುದು. ಎ4 ಹಾಳೆಗೆ 4 ಟಿಕೆಟ್ ಬರುತ್ತದೆ. ವರ್ಡ್ 2013 ಮತ್ತು ನಂತರದ ಆವೃತ್ತಿಗಳಲ್ಲಿ ಮೇಲ್ ಮರ್ಜ್ ಮಾಡುವಾಗ ಮರ್ಜ್‌ಬಾರ್‌ಕೋಡ್ ಎಂಬ ಫೀಲ್ಡ್ ಇದೆ. ಎಕ್ಸೆಲ್ ಪಟ್ಟಿಯಿಂದ ಒಂದೊಂದು ಟಿಕೆಟ್‌ಗೂ ಕೋಡ್ ತಾನೇ ಬರೆಯುತ್ತದೆ. ಪೂರ್ತಿ ಅಚ್ಚಿಗೆ ಮುನ್ನ ಹತ್ತು ಟಿಕೆಟ್ ತರಿಸಿ, ಮಡಚಿ, ಸಂಜೆ ಬೆಳಕಿನಲ್ಲಿ ಹಳೆಯ ಮೊಬೈಲಿನಿಂದ ಓದಿಸಿ ನೋಡಿ.

ಬಾಗಿಲಲ್ಲಿ

ಯುಎಸ್‌ಬಿ ಸ್ಕ್ಯಾನರ್ ಕೀಬೋರ್ಡಿನಂತೆಯೇ ಕೆಲಸ ಮಾಡುತ್ತದೆ: ಸಂಖ್ಯೆ ಹೊಡೆದು ಎಂಟರ್ ಒತ್ತುತ್ತದೆ. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದಿಟ್ಟು, ಕೌಂಟ್‌ಇಫ್ ಸೂತ್ರದಿಂದ ಎರಡು ಪರೀಕ್ಷೆ ಇಡಿ. ಈ ಸಂಖ್ಯೆ ನಮ್ಮ ಪಟ್ಟಿಯಲ್ಲಿದೆಯೇ? ಈಗಾಗಲೇ ಒಮ್ಮೆ ಬಂದಿದೆಯೇ? ಬಾಗಿಲು ಎರಡಿದ್ದರೆ ಕ್ರಮಸಂಖ್ಯೆಗಳನ್ನು ಹಂಚಿ, 1001ರಿಂದ 1250 ಒಂದಕ್ಕೆ, ಉಳಿದವು ಇನ್ನೊಂದಕ್ಕೆ. ಆಗ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಕರೆಂಟ್ ಹೋದರೆಂದು ಕಾಗದದ ಪಟ್ಟಿ, ಪೆನ್ನು ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯ ಮಾತು ಇದು. ನಕಲು ಟಿಕೆಟಿನವರು ಮೊದಲು ಬಂದರೆ ಯಂತ್ರ ಅವರನ್ನೇ ಒಳಗೆ ಬಿಡುತ್ತದೆ. ತಾಳವಾಡಿಯಿಂದಲೋ ಸತ್ಯಮಂಗಲದಿಂದಲೋ ಬಸ್ಸು ಹತ್ತಿ ತಡವಾಗಿ ಬಂದ ಹಿರಿಯರ ಕೈಯಲ್ಲಿ ಅಸಲಿ ಟಿಕೆಟ್ ಇದ್ದರೂ "ಬಳಕೆಯಾಗಿದೆ" ಎನ್ನುತ್ತದೆ. ಅವರನ್ನು ಹೊರಗೆ ನಿಲ್ಲಿಸಿದರೆ ಸಂಘದ ಮಾನ ಹೋಗುತ್ತದೆ. ಅದಕ್ಕಾಗಿ ಕೌಂಟರ್‌ಫಾಯಿಲ್ ಬಿಡಬೇಡಿ. ಮಾರುವಾಗಲೇ ಸಂಖ್ಯೆಯ ಎದುರು ಕೊಂಡವರ ಹೆಸರು, ಊರು ಬರೆಯಿರಿ. ಬಾಗಿಲ ಪಕ್ಕ ಒಂದು ಮೇಜು ಹಾಕಿ, ಆ ಪುಸ್ತಕದೊಂದಿಗೆ ಎಲ್ಲರ ಪರಿಚಯವಿರುವ ಒಬ್ಬರನ್ನು ಕೂರಿಸಿ. ಹೆಸರು ತಾಳೆಯಾದರೆ ಒಳಗೆ ಕರೆದು ಕೂರಿಸಿ, ವಿಚಾರಣೆ ಆಮೇಲೆ ಆಗಲಿ.

ಸದಸ್ಯರಲ್ಲಿ ಒಂದು ವಿನಂತಿ: ಟಿಕೆಟ್ ಕೊಂಡ ಸಂತೋಷಕ್ಕೆ ಅದರ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಾಕಲೇಬೇಕೆಂದರೆ ಕೋಡ್ ಮತ್ತು ಅದರ ಕೆಳಗಿನ ಅಂಕಿಗಳನ್ನು ಬೆರಳಿನಿಂದ ಮುಚ್ಚಿ ತೆಗೆಯಿರಿ.

ಕಾರ್ಯದರ್ಶಿ,
ಕುರಿಚಿ