ಮಂದಿರವಿಲ್ಲದ ಸಮುದಾಯ: ಬೆಂಗಳೂರು ದಂಡಿನ ಯಹೂದಿಗಳ ಚರಿತ್ರೆ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಂದು ಸಂಜೆ ನಡೆದಾಡಿದರೆ ಸಾಕು, ಇಲ್ಲಿಗೆ ಯಾರು ಯಾರು ಬಂದು ನೆಲೆಸಿದರೆಂಬುದು ಅವರವರ ದೇವರ ಮನೆಗಳಿಂದಲೇ ತಿಳಿಯುತ್ತದೆ. ಶಿವಾಜಿನಗರದಲ್ಲಿ ಸಂತ ಮೇರಿ ಬೆಸಿಲಿಕಾ ಮತ್ತು ಮಸೀದಿಗಳು, ಹಲಸೂರಿನಲ್ಲಿ ಸೋಮೇಶ್ವರ ದೇವಾಲಯ ಮತ್ತು ಗುರುದ್ವಾರ, ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿಮಂದಿರ. ಈ ಸಾಲಿನಲ್ಲಿ ಯಹೂದಿಗಳ ಸಿನಗಾಗ್ ಇಲ್ಲ. ಆದರೆ ಯಹೂದಿಗಳು ಇಲ್ಲಿದ್ದರು. ಮಂದಿರ ಕಟ್ಟದೆ ಬದುಕಿದ ಈ ಸಣ್ಣ ಸಮುದಾಯದ ಚರಿತ್ರೆಯನ್ನು ಅವರು ಹಿಡಿದ ಕಸುಬು ಮತ್ತು ಬಿಟ್ಟುಹೋದ ಗೋರಿಗಳಿಂದ ಕಟ್ಟಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಮಂಗಳೂರಿನ ಮುನ್ನುಡಿ

ಕರ್ನಾಟಕದ ಯಹೂದಿ ಚರಿತ್ರೆಗೆ ಗಟ್ಟಿಯಾದ ಕಾಗದದ ಆಧಾರ ಸಿಗುವುದು ಕರಾವಳಿಯಲ್ಲಿ. ಟುನೀಷಿಯಾದ ಮಹದಿಯಾ ಪಟ್ಟಣದ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಸುಮಾರಿಗೆ ಮಂಗಳೂರಿಗೆ ಬಂದು, 1149ರವರೆಗೆ ಬಹುಪಾಲು ಮಲಬಾರ್ ಕರಾವಳಿಯಲ್ಲೇ ಇದ್ದ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಏಡನ್ನಿನ ವರ್ತಕ ಮದ್ಮುನ್‌ನೊಡನೆ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆಯ ವ್ಯಾಪಾರ ಮಾಡುತ್ತಿದ್ದ. ಆಶು ಎಂಬ ದಾಸಿಯನ್ನು 1132ರ ಅಕ್ಟೋಬರ್‌ನಲ್ಲಿ ಬಂಧಮುಕ್ತಳನ್ನಾಗಿ ಮಾಡಿದ ಪತ್ರ ಉಳಿದುಬಂದಿದೆ. ಅವನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರು ಊಹಿಸುತ್ತಾರೆ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರನ್ನು ‘ಬೊಮ್ಮ’ ಎಂದು ಓದಿದವರು ಅಮಿತಾವ್ ಘೋಷ್. 1992ರಲ್ಲಿ ಬಂದ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಕೃತಿಯ ಹುಡುಕಾಟವೆಲ್ಲ ಆ ಹೆಸರಿನ ಬೆನ್ನುಹತ್ತಿದ್ದು.

ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬ ನಂಬಿಕೆಯಿಂದ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಹಳೆಯ ಬರಹಗಳನ್ನೆಲ್ಲ ಒಟ್ಟುತ್ತಿದ್ದರು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಬೆನ್ ಯಿಜುವಿನ ಮಂಗಳೂರು ನಮಗೆ ದಕ್ಕಿದ್ದು ಹೀಗೆ, ಒಂದು ಸಿನಗಾಗ್‌ನ ದೆಸೆಯಿಂದ. ಅಂಥ ಕಾಗದದ ಕೋಣೆಯಿಲ್ಲದ ಬೆಂಗಳೂರಿನಲ್ಲಿ ಸಂಶೋಧಕರು ಬೇರೆ ಕುರುಹುಗಳನ್ನು ಹುಡುಕಬೇಕಾಗುತ್ತದೆ.

ಸಿಪಾಯಿಗಳು

ಒಳನಾಡಿಗೆ ಯಹೂದಿಗಳನ್ನು ತಂದದ್ದು ಸೈನ್ಯ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುವ ಕಸುಬಿನ, ಮರಾಠಿ ಮಾತಿನ ಬೆನೆ ಇಸ್ರಾಯೇಲ್ ಯಹೂದಿಗಳಿದ್ದರು. ಶನಿವಾರ ಗಾಣ ಕಟ್ಟದ ಕಾರಣ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಅವರಲ್ಲಿ ಅನೇಕರು ಈಸ್ಟ್ ಇಂಡಿಯಾ ಕಂಪನಿಯ ಪಡೆ ಸೇರಿದರು. ಎರಡನೆಯ ಮೈಸೂರು ಯುದ್ಧದಲ್ಲಿ (1780-84) ಸೆರೆಸಿಕ್ಕ ಸ್ಯಾಮ್ಯುಯೆಲ್ ದಿವೇಕರ್ ಎಂಬ ಅಧಿಕಾರಿಯನ್ನು ಟಿಪ್ಪುವಿನ ತಾಯಿಯ ಮಾತಿನ ಮೇಲೆ ಬಿಡುಗಡೆ ಮಾಡಲಾಯಿತೆಂದು ಆ ಸಮುದಾಯದ ಐತಿಹ್ಯ ಹೇಳುತ್ತದೆ. ಐತಿಹ್ಯದ ಸತ್ಯಾಸತ್ಯ ಏನೇ ಇರಲಿ, ಮುಂಬಯಿಗೆ ಮರಳಿದ ದಿವೇಕರ್ 1796ರಲ್ಲಿ ಅಲ್ಲಿ ‘ಕರುಣೆಯ ಬಾಗಿಲು’ ಎಂಬ ಅರ್ಥದ ಹೆಸರಿನ ಸಿನಗಾಗ್ ಕಟ್ಟಿಸಿದ್ದು ಚರಿತ್ರೆ. ಮೈಸೂರಿನ ಸೆರೆವಾಸದ ಕಥೆಗೆ ಮುಂಬಯಿಯಲ್ಲಿ ಕಟ್ಟಡವೊಂದು ಸಾಕ್ಷಿಯಾಗಿ ನಿಂತಿತು.

1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ನೆಲೆಗೊಂಡಿತು. ಅದರೊಡನೆ ಬಂದ ಬೆನೆ ಇಸ್ರಾಯೇಲರ ಗುರುತು ಉಳಿದಿರುವುದು ಮೈಸೂರು ರಸ್ತೆಯ ಯಹೂದಿ ಸ್ಮಶಾನದಲ್ಲಿ. ಇದಕ್ಕೆ 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಮೊದಲ ಗೋರಿಗಳಲ್ಲಿ ಒಂದು ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್ಕರ್ ಅವರದು. ಈ ಒಂದು ಹೆಸರನ್ನು ಬಿಡಿಸಿದರೆ ಇಡೀ ವಲಸೆಯೇ ತೆರೆದುಕೊಳ್ಳುತ್ತದೆ. ಸ್ಯಾಮ್ಯುಯೆಲ್ ಎಂಬುದು ಹೀಬ್ರೂ ಹೆಸರು, ನಾಗಾವ್ ಎಂಬುದು ಅಲಿಬಾಗ್ ಬಳಿಯ ಹಳ್ಳಿ, ಸುಬೇದಾರ್ ಎಂಬುದು ದಂಡಿನ ಹುದ್ದೆ.

ಸ್ಮಶಾನ ಇರುವ ಜಾಗವೂ ಗಮನಿಸತಕ್ಕದ್ದು. ದಂಡು ಊರಿನ ಪೂರ್ವಕ್ಕಿದೆ, ಸ್ಮಶಾನ ಪಶ್ಚಿಮದ ಅಂಚಿನಲ್ಲಿದೆ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದರೂ ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಇತ್ತು. ಮಹಾರಾಜರು ಕೊಡಬಹುದಾದ ನೆಲ ಆ ಗಡಿಯಾಚೆಗಿತ್ತು. ಹೀಗಾಗಿ ದಂಡಿನಲ್ಲಿ ಬದುಕಿದ ಯಹೂದಿಗಳು ಮಣ್ಣಾದದ್ದು ಮೈಸೂರು ಸಂಸ್ಥಾನದಲ್ಲಿ.

ವರ್ತಕರು

ಎರಡನೆಯ ಧಾರೆ ಅರಬ್ಬಿ ಮಾತಿನ ಬಾಗ್ದಾದಿ ಯಹೂದಿಗಳದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇರಾಕ್ ಮೂಲದ ರೂಬಿನ್ ಮೋಸೆಸ್ ಇಲ್ಲಿಗೆ ಬಂದರು. ಕೋಲಾರದ ಚಿನ್ನ ಅವರನ್ನು ಸೆಳೆಯಿತೆಂಬುದು ಪ್ರಚಲಿತ ಕಥೆ. ಕೊನೆಗೆ ಅವರಿಗೆ ಹೆಸರು ತಂದದ್ದು ಕಮರ್ಷಿಯಲ್ ಸ್ಟ್ರೀಟಿನ ಪಾದರಕ್ಷೆ ಅಂಗಡಿ. ಪೆರೇಡು, ಕ್ಲಬ್ಬು, ಕುದುರೆ ಸವಾರಿಯ ಊರಿನಲ್ಲಿ ಬೂಟಿಗೆ ಗಿರಾಕಿಗಳ ಕೊರತೆ ಇರಲಿಲ್ಲ. ಹಬ್ಬದ ಪ್ರಾರ್ಥನೆಗೆ ಊರಿನ ಯಹೂದಿಗಳು ಸೇರುತ್ತಿದ್ದದ್ದೂ ಇದೇ ಮನೆತನದ ಆಸರೆಯಲ್ಲಿ.

ಹಾಗಾದರೆ ಸಿನಗಾಗ್ ಏಕೆ ಬರಲಿಲ್ಲ? ದಂಡಿನ ಊರು ಎಂಬುದೇ ಕಾರಣವಲ್ಲ. ಪುಣೆಯ ದಂಡಿನಲ್ಲಿ 1867ರಲ್ಲೇ ‘ಓಹೆಲ್ ಡೇವಿಡ್’ ಎದ್ದು ನಿಂತಿತು. ಅಲ್ಲಿ ಡೇವಿಡ್ ಸಸೂನ್‌ನಂಥ ಭಾರಿ ಶ್ರೀಮಂತ ಇದ್ದ. ಬೆಂಗಳೂರಿನಲ್ಲಿ ಅಂಥ ದಾನಿ ಇರಲಿಲ್ಲ, ವರ್ಗವಾದರೆ ಹೊರಡುವ ಸಿಪಾಯಿಗಳಿದ್ದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕೆಂಬುದು ಯಹೂದಿ ನಿಯಮ. ಅದಕ್ಕೆ ಒಂದು ಮನೆಯ ಹಜಾರ ಸಾಕು. ಹೂಳುವುದಕ್ಕೆ ಮಾತ್ರ ನೆಲ ಬೇಕೇಬೇಕು.

ನಿರಾಶ್ರಿತರು

ಮೂರನೆಯ ಧಾರೆಯನ್ನು ಇತ್ತ ಅಟ್ಟಿದ್ದು ಹಿಟ್ಲರ್. 1933ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. 1935-36ರಲ್ಲಿ ಬಾರ್ನ್ ಸುಮಾರು ಆರು ತಿಂಗಳು ಇಲ್ಲಿದ್ದರು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳುವ ರಾಮನ್ ಅವರ ಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಮುರಿದುಬಿತ್ತು. ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು.

ಉಳಿದವರು ಬಾರ್ನ್‌ರ ಸೋದರಳಿಯ, ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್‌ನಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲಕಾಲ ಇದ್ದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಮರುವರ್ಷ ಬೆಂಗಳೂರಿನ ಪೂರ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ವಿಮಾನವಿದ್ಯೆ ಕಲಿಸಲು ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಹೊಸ ವಿಭಾಗ ತೆರೆಯಿತು. ಆ ವಿಭಾಗದ ಕಟ್ಟಡವನ್ನು ವಿನ್ಯಾಸ ಮಾಡಿದವರು ಇವರೇ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರದೇ. ಬಿಸಿಲು, ಗಾಳಿ, ಮಳೆಯ ಲೆಕ್ಕ ಹಿಡಿದು ಕಟ್ಟುವ ವಿದ್ಯೆಯನ್ನು ಅವರು ಇಲ್ಲಿ ರೂಢಿಸಿಕೊಂಡು, ಮುಂದೆ ಲಂಡನ್ನಿನಲ್ಲಿ ಕಲಿಸಿದರು.

ಉಳಿದದ್ದು

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಭಾರತದ ಯಹೂದಿಗಳಲ್ಲಿ ಹೆಚ್ಚಿನವರು ಅತ್ತ ಹೊರಟರು. ದಂಡಿನ ಬ್ರಿಟಿಷ್ ಪಡೆಯೂ ಖಾಲಿಯಾಗಿತ್ತು. 2013ರಲ್ಲಿ ಇಸ್ರೇಲಿನ ಕಾನ್ಸುಲೇಟ್ ಬೆಂಗಳೂರಿಗೆ ಬಂದಾಗ ಎರಡು ದೇಶಗಳ ನಂಟಿನ ಮಾತು ಮತ್ತೆ ಕೇಳಿಬಂತು. ಆ ನಂಟಿಗೆ ಸಾಮಾನ್ಯವಾಗಿ ತೋರಿಸುವ ಸಾಕ್ಷಿ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಪಡೆಗಳಲ್ಲಿ ಈ ಕುದುರೆಪಡೆಯೂ ಇತ್ತು. ಅದು ನಮ್ಮ ಸೈನಿಕರ ಚರಿತ್ರೆ, ನಿಜ. ಆದರೆ ಊರಿನ ಯಹೂದಿಗಳ ಚರಿತ್ರೆಗೆ ಮೈಸೂರು ರಸ್ತೆಯ ಗೋರಿಗಳೇ ಹತ್ತಿರದ ಆಕರ.

ಬೆಂಗಳೂರು ಜಿಲ್ಲೆಯ ಶಾಸನಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟವನ್ನು ಬಿ.ಎಲ್. ರೈಸ್ 1905ರಲ್ಲಿ ಹೊರತಂದರು, ಯಹೂದಿ ಸ್ಮಶಾನಕ್ಕೆ ನೆಲ ಸಿಕ್ಕ ಮರುವರ್ಷ. ವೀರಗಲ್ಲು, ಮಾಸ್ತಿಕಲ್ಲುಗಳನ್ನು ಓದುವ ಪರಂಪರೆ ನಮ್ಮದು. ಸುಬೇದಾರ್ ನಾಗಾವ್ಕರ್ ಅವರ ಕಲ್ಲೂ ಈ ನೆಲದ ಶಾಸನವೇ. ಅಕ್ಷರಗಳು ಸವೆದುಹೋಗುವ ಮೊದಲು ಆ ಸ್ಮಶಾನದ ಪ್ರತಿ ಕಲ್ಲಿನ ಪಾಠವನ್ನು ಇಳಿಸಿಕೊಂಡು, ಕನ್ನಡದಲ್ಲಿ ಪ್ರಕಟಿಸುವ ಕೆಲಸವನ್ನು ನಮ್ಮ ಇತಿಹಾಸ ವಿಭಾಗಗಳು ಕೈಗೆತ್ತಿಕೊಳ್ಳಬೇಕು.